ಗಳದ ತುದಿಯ ಕೆಸರು

ಹುಟ್ಟು ಹಿಡಿದ ಮೊದಲ ದಿನ ನಾನು ತೆಪ್ಪವನ್ನು ಇದ್ದಲ್ಲೇ ಹನ್ನೊಂದು ಸುತ್ತು ತಿರುಗಿಸಿದೆ. ಎಣಿಸಿದ್ದು ನಾನಲ್ಲ, ದಡದಲ್ಲಿ ಕೋಲೂರಿಕೊಂಡು ಕೂತಿದ್ದ ನಮ್ಮ ಯಜಮಾನರು. ಹನ್ನೊಂದನೆಯ ಸುತ್ತಿಗೆ ಅವರಿಗೆ ತಡೆಯಲಾಗಲಿಲ್ಲ. "ಅಲ್ಲೇನ್ ರಾಗಿ ಬೀಸ್ತಿದ್ದೀಯೇನೆ?" ಎಂದು ಕೂಗಿದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ದೀಪಾವಳಿಯಿಂದ ಈಚೆಗೆ ಅವರು ಗಂಟಲು ಬಿಟ್ಟು ಆಡಿದ ಮೊದಲ ಮಾತು ಅದು. ಇನ್ನೊಂದು ಸಲ ಕೇಳೋಣವೆಂದು ಬೇಕೆಂದೇ ಹನ್ನೆರಡನೆಯ ಸುತ್ತು ತಿರುಗಿಸಿದೆ.

ಹೇಮಾವತಿ ಹಿನ್ನೀರಿನ ಆಲೂರು ಕಡೆಯ ದಡದಲ್ಲಿ ನಮ್ಮ ಮನೆ. ನಮ್ಮದು ಇಬ್ಬರ ತೆಪ್ಪ, ಬಿದಿರಿನದು, ತಳಕ್ಕೆ ಗೊಬ್ಬರದ ಚೀಲ ಹೊದಿಸಿ ಡಾಂಬರು ಬಳಿದದ್ದು. ಇವರು ಮುಂದೆ ಮೊಣಕಾಲೂರಿ ಹುಟ್ಟು ಹಾಕುವುದು, ನಾನು ಹಿಂದೆ ಕೂತು ಬಲೆ ಬಿಡುವುದು, ಬೆಳಿಗ್ಗೆ ಎತ್ತುವುದು. ಮದುವೆಯಾದ ಮರುವರ್ಷದಿಂದ ಇದೇ ನಡೆದುಕೊಂಡು ಬಂದಿತ್ತು. ದೀಪಾವಳಿ ಕಳೆದ ವಾರ ಒಂದು ಬೆಳಿಗ್ಗೆ ಮುಖ ತೊಳೆಯುತ್ತಿದ್ದ ಹಾಗೇ ಇವರ ಬಲಗೈಯಿಂದ ಚೊಂಬು ಜಾರಿತು, ಬಾಯಿ ಒಂದು ಕಡೆಗೆ ಎಳೆಯಿತು. ಲಕ್ವ. ಹಾಸನದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದೆವು. ಬಾಯಿ ಸರಿಹೋಯಿತು, ಕಾಲು ಎಳೆದುಕೊಂಡಾದರೂ ನಡೆಯುವ ಹಾಗಾಯಿತು. ಬಲಗೈಗೆ ಮಾತ್ರ ಮೊಣಕೈವರೆಗೆ ಜೀವ ಬಂದು ಅಲ್ಲೇ ನಿಂತುಬಿಟ್ಟಿತು. ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಇವರು ಮಂಚ ಹಿಡಿದರು. ಊಟ ಕೊಟ್ಟರೆ ಊಟ, ಮಾತ್ರೆ ಕೊಟ್ಟರೆ ಮಾತ್ರೆ. ಕೇಳಿದ್ದಕ್ಕೆಲ್ಲ ಹೂಂ, ಇಲ್ಲವೆಂದರೆ ಊಹೂಂ. ಡಾಕ್ಟರು ಕೈಗೆ ಕೆಲಸ ಕೊಡಿ, ಸುಮ್ಮನೆ ಇಟ್ಟಷ್ಟೂ ಬಿಗಿಯುತ್ತದೆ ಎಂದು ಹೇಳಿ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು, ಹಿಚುಕುವುದಕ್ಕೆ. ಎರಡು ದಿನ ಹಿಚುಕಿದ ಹಾಗೆ ಮಾಡಿದರು. ಮೂರನೇ ದಿನ ಚೆಂಡು ಮಂಚದ ಕೆಳಗೆ ಹೋಯಿತು. ನಾನು ಗುಡಿಸುವಾಗ ಎತ್ತಿಡುವುದು, ಅದು ಮತ್ತೆ ಅಲ್ಲಿಗೇ ಹೋಗುವುದು, ಹೀಗೇ ಸಂಕ್ರಾಂತಿ ಕಳೆಯಿತು.

ಹಾನುಬಾಳಿನಲ್ಲಿ ಎಸ್ಟೇಟ್ ಜೀಪು ಓಡಿಸುವ ನನ್ನ ಮೈದುನ, ಕಾಫಿ ಕೊಯ್ಲು ಮುಗಿದು ಬಿಡುವಾದಾಗ ಬಂದು ಒಂದು ತಿಂಗಳು ಹುಟ್ಟು ಹಾಕಿಕೊಟ್ಟ. ಆಮೇಲೆ ಕಾಫಿಗಿಡ ಹೂ ಬಿಡಲು ಬೇಕಾದ ಹೂಮಳೆ ಬರಲಿಲ್ಲ. ಎಸ್ಟೇಟಿನಲ್ಲಿ ಸ್ಪ್ರಿಂಕ್ಲರ್ ಹಚ್ಚಬೇಕು, ಪೈಪು ಸಾಗಿಸಲು ಜೀಪು ಬೇಕು ಎಂದು ಅಲ್ಲಿಯ ಲೆಕ್ಕ ಬರೆಯುವ ರೈಟರ್ ಫೋನಿನ ಮೇಲೆ ಫೋನು ಮಾಡಿ ಅವನನ್ನು ಕರೆಸಿಕೊಂಡರು. ಹೋಗುವಾಗ, ಹುಟ್ಟು ಹಾಕಲು ಬೇರೆ ಯಾರನ್ನಾದರೂ ಗೊತ್ತು ಮಾಡಿಕೊಡುತ್ತೇನೆ ಅತ್ತಿಗೆ ಎಂದ. ಒಳ್ಳೆಯ ಮಾತೇ. ಆದರೆ ನಾನು ಬೇಡ ಎಂದೆ. ತಮ್ಮ ಬಂದು ಕೂತದ್ದನ್ನೇ ಇವರು ಗೋಡೆಯ ಕಡೆಗೆ ತಿರುಗಿ ಮಲಗಿಕೊಂಡು ಸಹಿಸಿದ್ದರು. ಇನ್ನು ಹೊರಗಿನವರು ಯಾರಾದರೂ ಆ ಜಾಗದಲ್ಲಿ ಮೊಣಕಾಲೂರಿದರೆ ಈ ಮನುಷ್ಯ ಮತ್ತೆ ನೀರಿಗೆ ಇಳಿಯುವುದಿಲ್ಲ ಎಂಬುದು ನನಗೆ ಖಾತ್ರಿಯಿತ್ತು. ನೀರಿಗೆ ಇಳಿಯದಿದ್ದರೆ ಮಂಚದಿಂದಲೂ ಏಳುವುದಿಲ್ಲ. ನನಗೆ ಮೀನಿಗಿಂತ ಆ ಭಯವೇ ದೊಡ್ಡದಾಗಿತ್ತು.

ಆ ವರ್ಷ ಮಳೆ ಕೈಕೊಟ್ಟು ನೀರು ತೀರಾ ಕೆಳಗಿಳಿದಿತ್ತು. ಹಿತ್ತಲಿನಿಂದ ಕಾಣುತ್ತಿದ್ದ ನೀರು ಅರ್ಧ ಮೈಲಿ ಹಿಂದೆ ಸರಿದಿತ್ತು. ಅಷ್ಟು ದೂರ ಬಿರುಕು ಬಿಟ್ಟ ಕೆಸರಿನ ಮೇಲೆ ಕಾಲೆಳೆಯುವವರನ್ನು ನಡೆಸುವುದು ಆಗದ ಮಾತು. ಆದರೆ ನೀರು ಇಳಿದ ಹಾಗೆ, ಅಣೆಕಟ್ಟೆ ಆಗುವುದಕ್ಕೆ ಮೊದಲಿನ ಹಳೇ ಜಲ್ಲಿ ರಸ್ತೆ ಮೇಲೆದ್ದು ಬಂದಿತ್ತು. ಊರ ಕೊನೆಯಿಂದ ಹೊರಟು ಸೀದಾ ನೀರಿನೊಳಗೆ ಇಳಿಯುತ್ತಿತ್ತು. ಗಟ್ಟಿ ನೆಲ, ಕೋಲೂರಿಕೊಂಡು ಹೋಗಬಹುದು. ರಸ್ತೆಯ ಅಕ್ಕಪಕ್ಕ ತೆಪ್ಪ ಮಗುಚಿಕೊಂಡರೂ ನೀರು ಎದೆಮಟ್ಟ. ಒಂದೂವರೆ ಕೈಯವರು ತೆಪ್ಪದಲ್ಲಿ ಕೂರುವುದನ್ನು ಮತ್ತೆ ಕಲಿಯಬೇಕಾದರೆ ಇದೇ ಬೇಸಿಗೆ. ಮಳೆ ಹಿಡಿದು ನೀರು ಏರಿ ಗಾಳಿ ಎದ್ದರೆ ಮುಗಿಯಿತು. ಹೆಚ್ಚೆಂದರೆ ಆರೇಳು ವಾರ ನನ್ನ ಕೈಯಲ್ಲಿತ್ತು.

ತೆಪ್ಪಕ್ಕೆ ಬನ್ನಿ ಎಂದರೆ ಬರುತ್ತಿರಲಿಲ್ಲ. ಅದಕ್ಕೇ, ಹುಟ್ಟು ಹಾಕುವುದನ್ನು ಹೇಳಿಕೊಡಿ, ದಡದಲ್ಲಿ ಕೂತು ಹೇಳಿದರೆ ಸಾಕು ಎಂದೆ. ಒಂದು ದಿನ ಊಹೂಂ, ಎರಡನೇ ದಿನ ಹೂಂ.

ತೆಪ್ಪಕ್ಕೆ ದೋಣಿಯ ಹಾಗೆ ಮೂತಿ ಇಲ್ಲ, ಬಾಲ ಇಲ್ಲ. ಒಂದು ಪಕ್ಕದಲ್ಲಿ ಹುಟ್ಟು ಹಾಕಿದರೆ ಸುತ್ತುತ್ತದೆ. ಮುಂದಕ್ಕೆ ಬಾಗಿ, ಹುಟ್ಟನ್ನು ಎದುರಿಗೆ ನೆಟ್ಟಗೆ ಇಳಿಸಿ, ನೀರನ್ನು ನಮ್ಮ ಹೊಟ್ಟೆಯ ಕಡೆಗೆ ಎಳೆದುಕೊಳ್ಳಬೇಕು. ಒಮ್ಮೆ ಸ್ವಲ್ಪ ಎಡಕ್ಕೆ, ಒಮ್ಮೆ ಸ್ವಲ್ಪ ಬಲಕ್ಕೆ. ಇಪ್ಪತ್ತು ವರ್ಷ ಇವರ ಬೆನ್ನನ್ನೇ ನೋಡಿಕೊಂಡು ಕೂತವಳು ನಾನು, ಆದರೂ ಕೈಗೆ ಬರಲಿಲ್ಲ. ಭುಜ ಉರಿಯುತ್ತಿತ್ತು, ಅಂಗೈಯಲ್ಲಿ ಬೊಬ್ಬೆ ಬಂದಿತ್ತು, ದಡದಿಂದ ಬೈಗುಳ ಬೇರೆ. ದಡದಲ್ಲಿ ನಾನು ಇವರಿಗೆ ನೀವು, ತಾವು ಎನ್ನುವವಳೇ. ನೀರಿಗಿಳಿದ ಮೇಲೆ ಮರ್ಯಾದೆಗೆ ಪುರುಸೊತ್ತು ಇರುವುದಿಲ್ಲ. ಅಷ್ಟು ಗೊತ್ತಿದ್ದರೆ ನೀನೇ ಬಂದು ಹಾಕು ಎಂದು ನಾನೂ ಕೂಗಿದೆ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಾನು ಹಾಳು ಮಾಡಿದೆನಲ್ಲ ಎಂದುಕೊಂಡೆ.

ಮರುದಿನ, ಕೂಗಿ ಕೂಗಿ ಗಂಟಲು ಹೋಯಿತು ಎಂದು ಗೊಣಗುತ್ತ ತಾವೇ ಬಂದು ತೆಪ್ಪದಲ್ಲಿ ಕೂತರು. ನಾನು ಅದನ್ನೇ ಕಾಯುತ್ತಿದ್ದೆ, ಮುಖದಲ್ಲಿ ತೋರಿಸಲಿಲ್ಲ. ಇಪ್ಪತ್ತು ಲೀಟರಿನ ಖಾಲಿ ಕ್ಯಾನೊಂದನ್ನು ಹಗ್ಗದಿಂದ ಇವರ ಸೊಂಟಕ್ಕೆ ಕಟ್ಟಿದೆ, ನೀರಿಗೆ ಬಿದ್ದರೆ ತೇಲಿಸಲಿ ಎಂದು. ಯಾರಾದರೂ ನೋಡಿದರೆ ನಗುತ್ತಾರೆ ಎಂದರು. ನಕ್ಕರೆ ನಾನು ಉತ್ತರ ಕೊಡುತ್ತೇನೆ ಎಂದೆ. ನನ್ನ ಬಾಯಿ ಊರಿಗೆಲ್ಲ ಗೊತ್ತಿದ್ದದ್ದರಿಂದ ಯಾರೂ ನಗಲಿಲ್ಲ.

ಇವರ ಹುಟ್ಟು ನನಗೆ ಬಂದ ಮೇಲೆ ನನ್ನ ಬಲೆ ಇವರಿಗೆ ಹೋಯಿತು. ಬಲೆ ಬಿಡುವುದು ಎರಡು ಕೈಯ ಕೆಲಸ. ಮೇಲಿನ ಹಗ್ಗಕ್ಕೆ ತೇಲುವ ಬೆಂಡು, ಕೆಳಗಿನ ಹಗ್ಗಕ್ಕೆ ಸೀಸದ ಗುಂಡು. ತೆಪ್ಪ ಮುಂದೆ ಹೋದ ಹಾಗೆ ಎರಡನ್ನೂ ಬೇರೆ ಬೇರೆ ಬಿಡುತ್ತ ಹೋಗಬೇಕು. ಒಂದಕ್ಕೊಂದು ಸುತ್ತಿಕೊಂಡರೆ ಬಿಡಿಸಲು ಅರ್ಧ ದಿನ. ನಾನು ದಡದಲ್ಲೇ ಬಲೆಯನ್ನು ಒದ್ದೆ ಚೀಲದ ಮೇಲೆ ಮಡಿಸಿ, ಬೆಂಡಿನ ಸಾಲನ್ನು ಇವರ ಎಡಕ್ಕೆ, ಗುಂಡಿನ ಸಾಲನ್ನು ಬಲಕ್ಕೆ ಬರುವ ಹಾಗೆ ಇಡುತ್ತಿದ್ದೆ. ಗುಂಡಿನ ಹಗ್ಗ ಇವರ ಬಲ ಮೊಣಕೈಯ ಮೇಲೆ ಹಾದು ತಾನಾಗಿ ಜಾರುತ್ತಿತ್ತು, ಎಡಗೈ ಬೆಂಡನ್ನು ನೋಡಿಕೊಳ್ಳುತ್ತಿತ್ತು. ಎತ್ತುವಾಗ ಎಡಗೈಯಿಂದ ಎಳೆದು, ಬಲ ಮೊಣಕೈಯಿಂದ ತೆಪ್ಪದ ಅಂಚಿಗೆ ಒತ್ತಿ ಹಿಡಿಯುವುದು, ಮತ್ತೆ ಎಳೆಯುವುದು. ಮೀನನ್ನು ಬಲೆಯ ಕಣ್ಣಿನಿಂದ ಬಿಡಿಸಲು ಅದನ್ನು ಮೊಣಕಾಲಿನ ಕೆಳಗೆ ಅದುಮಿಕೊಳ್ಳುತ್ತಿದ್ದರು. ಇದೆಲ್ಲ ಒಂದೇ ದಿನಕ್ಕೆ ಆದದ್ದಲ್ಲ. ಒಂದು ವಾರ ನಾವು ಹಿಡಿದದ್ದಕ್ಕಿಂತ ಬಿಟ್ಟ ಮೀನೇ ಹೆಚ್ಚು. ರಸ್ತೆಯ ಹತ್ತಿರದ ಆಳವಿಲ್ಲದ ನೀರಿನಲ್ಲಿ ಸಣ್ಣ ಕಣ್ಣಿನ ಬಲೆ ಬಿಟ್ಟು ಅಂಗೈಯಷ್ಟಗಲದ ಜಿಲೇಬಿ ಮೀನು ಹಿಡಿದೆವು. ಮೊದಲ ಸಲ ಒಂದು ಬುಟ್ಟಿ ತುಂಬಿದ ದಿನ ಇವರು ದಾರಿಯುದ್ದಕ್ಕೂ ನನ್ನ ಹುಟ್ಟಿನ ತಪ್ಪುಗಳನ್ನು ಹೇಳಿಕೊಂಡೇ ಮನೆಗೆ ಬಂದರು. ಆವತ್ತಿನ ರಾಗಿಮುದ್ದೆ ನನಗೆ ಹಬ್ಬದೂಟವಾಗಿತ್ತು.

ಅಷ್ಟಕ್ಕೇ ಇವರಿಗೆ ಸಾಕಾಗಲಿಲ್ಲ. ನೀರೆಲ್ಲ ಇಳಿದಾಗ ದೊಡ್ಡ ಕಾಟ್ಲಾ ಮೀನುಗಳು ನಡುವಿನ ಹಳೇ ಹಳ್ಳದ ಆಳಕ್ಕೆ ಸೇರಿಕೊಳ್ಳುತ್ತವೆ. ಮಿಕ್ಕ ತೆಪ್ಪದವರು ಅಲ್ಲಿಂದ ಮೀನು ತರುವುದನ್ನು ನೋಡಿ ಇವರಿಗೆ ಕೈ ಕಡಿಯುತ್ತಿತ್ತು. ಹಳ್ಳದ ಜಾಗ ನನಗೆ ಕಣ್ಣು ಮುಚ್ಚಿದರೂ ಗೊತ್ತು ಎಂದರು. ಅದು ಸುಳ್ಳಲ್ಲ. ನೀರಿನ ಮೇಲೆ ಇವರ ಲೆಕ್ಕವೆಲ್ಲ ಗುಡ್ಡದ್ದು. ದೂರದ ಗುಡ್ಡದ ಮೇಲಿನ ಮೊಬೈಲ್ ಟವರು, ಅದರ ಮುಂದೆ ದಡದ ದಿಣ್ಣೆಯ ಆಚೆ ಕಾಣುವ ಗೋಣಿಮರ. ಎರಡೂ ಒಂದೇ ಗೆರೆಗೆ ಬಂದರೆ ಕೆಳಗೆ ಹಳ್ಳ. ಗೆರೆಯಿಂದ ಬಲಕ್ಕೆ ಸರಿದರೆ ಮೋಟುಗಳು. ಕಣಿವೆ ಮುಳುಗುವ ಮೊದಲು ಮರ ಕಡಿದು ಬುಡಗಳನ್ನು ಹಾಗೇ ಬಿಟ್ಟ ಜಾಗ ಅದು. ಅಲ್ಲಿ ಬಲೆ ಬಿಟ್ಟವರು ಬಲೆಯನ್ನು ಮರೆಯಬೇಕು.

ನನ್ನ ಲೆಕ್ಕ ಬೇರೆ. ಇವರು ತಲೆ ಎತ್ತಿ ಗುಡ್ಡ ನೋಡಿಕೊಂಡು ಬಂದವರು, ನಾನು ತಲೆ ಬಗ್ಗಿಸಿ ಬಲೆ ನೋಡಿಕೊಂಡು ಬಂದವಳು. ಗುಂಡಿನ ಹಗ್ಗದ ಜೊತೆ ಮೇಲೆ ಬರುವ ಕಸ ನನಗೆ ಜಾಗ ಹೇಳುತ್ತಿತ್ತು. ಕಪ್ಪು ಬಸವನಹುಳದ ಚಿಪ್ಪು ಬಂದರೆ ಕೆಳಗೆ ಹಳೇ ಗದ್ದೆ. ಒರಟು ಮರಳು ಬಂದರೆ ಹಳ್ಳ. ಕೊಳೆತ ತೊಗಟೆಯ ಚೂರು ಬಂದರೆ ಮೋಟು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ನನಗೂ ಅದೊಂದು ವಿದ್ಯೆ ಎಂದು ಅನಿಸಿರಲಿಲ್ಲ.

ಒಂದು ಸಂಜೆ ದೊಡ್ಡ ಕಣ್ಣಿನ ಹೊಸ ಬಲೆ ಹಾಕಿಕೊಂಡು ನಡುನೀರಿಗೆ ಹೋದೆವು. ಬೆಳಕು ಇಳಿಯುತ್ತಿತ್ತು. ಇವರು ಕ್ಯಾನನ್ನು ಪಕ್ಕಕ್ಕೆ ತಳ್ಳಿ, ಕತ್ತು ಎತ್ತಿ, ಎಡಕ್ಕೆ ತಗೋ, ಇನ್ನೂ ತಗೋ, ಸಾಕು ಎಂದು ಹೇಳುತ್ತಿದ್ದರು. ದನಿ ಹಳೆಯ ದನಿಯೇ. ಟವರು, ಮರ ಎರಡೂ ಕೂಡಿದವು, ಬಿಡೋಣ ಎಂದರು. ತೆಪ್ಪ ನಿಲ್ಲಿಸಲು ನಾನು ಬಿದಿರಿನ ಗಳವನ್ನು ತಳಕ್ಕೆ ಊರಿದೆ. ತುಂಬಿದ ವರ್ಷದಲ್ಲಿ ಅಲ್ಲಿ ಗಳ ಮುಟ್ಟುವುದಿಲ್ಲ, ಈಗ ಮುಟ್ಟಿತು. ಮೇಲೆತ್ತಿದಾಗ ತುದಿಗೆ ಅಂಟಿದ್ದ ಕೆಸರನ್ನು ಅಭ್ಯಾಸಬಲದಿಂದ ಬೆರಳಲ್ಲಿ ಉಜ್ಜಿದೆ. ಮರಳಿಲ್ಲ. ನಾರು ನಾರಾದ ಕರಿ ತೊಗಟೆ.

ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಬಾಯಿ ತೆರೆದೆ. ಇವರ ಮುಖ ನೋಡಿದೆ. ಎಷ್ಟೋ ತಿಂಗಳ ಮೇಲೆ ಈ ಮನುಷ್ಯ ನನ್ನನ್ನು ಗದರಿಕೊಂಡು, ಗುಡ್ಡಗಳೆಲ್ಲ ತಮ್ಮವೇ ಎನ್ನುವ ಹಾಗೆ ನೋಡಿಕೊಂಡು ಕೂತಿದ್ದರು. ನಿಮ್ಮ ಗುರುತು ತಪ್ಪಿದೆ ಎಂದು ಆ ಮುಖಕ್ಕೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಒಂದು ತೊಗಟೆ ಚೂರು ಎಲ್ಲಿಂದಲೋ ತೇಲಿ ಬಂದಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಳವನ್ನು ನೀರಲ್ಲಿ ಅದ್ದಿ ತೊಳೆದೆ. ಬಲೆ ಬಿಟ್ಟೆವು.

ಬೆಳಿಗ್ಗೆ ಹೋದಾಗ ಗುರುತಿಗೆ ಕಟ್ಟಿದ್ದ ಬಾಟಲಿ ನೀರೊಳಗೆ ಅರ್ಧ ಮುಳುಗಿ ನಿಂತಿತ್ತು. ಇವರು ಎಳೆದರು. ಹತ್ತು ಮೊಳ ಸಲೀಸಾಗಿ ಬಂದು ಆಮೇಲೆ ಕಲ್ಲಿಗೆ ಕಟ್ಟಿದ ಹಾಗೆ ನಿಂತಿತು. ಬೇರೆ ಕಡೆಯಿಂದ ಹೋಗಿ ಎಳೆದರು, ಬರಲಿಲ್ಲ. ಕಾಲನ್ನು ಅಂಚಿಗೆ ಕೊಟ್ಟು, ಹಗ್ಗವನ್ನು ಎಡ ಮುಂಗೈಗೆ ಸುತ್ತಿಕೊಂಡು ಮೈಭಾರವೆಲ್ಲ ಹಾಕಿದರು. ತೆಪ್ಪದ ಅಂಚು ಬಗ್ಗಿ ನೀರು ಒಳಗೆ ನುಗ್ಗಿತು. ನಾನು ಈಚೆ ಅಂಚಿಗೆ ಬಿದ್ದು ಭಾರ ಕೊಟ್ಟೆ, ಬಿಡು ಬಿಡು ಎಂದು ಕಿರುಚಿದೆ. ಬಿಡಲಿಲ್ಲ. ಬಿಡಲು ಆಗುತ್ತಲೂ ಇರಲಿಲ್ಲ, ಸುತ್ತಿದ ಹಗ್ಗವನ್ನು ಬಿಚ್ಚುವುದಕ್ಕೆ ಇನ್ನೊಂದು ಕೈ ಬೇಕಿತ್ತು. ಅದು ನನಗೆ ಹೊಳೆದ ಕೂಡಲೇ ಕತ್ತಿ ತೆಗೆದುಕೊಂಡು ಹಗ್ಗ ಕೊಯ್ದೆ. ತೆಪ್ಪ ಎದ್ದು ಕೂತಿತು. ಬಲೆ ಕೆಳಗೆ ಹೋಯಿತು.

ಇವರು ಮುಂಗೈ ಮೇಲೆ ಕೆಂಪಗೆ ಎದ್ದ ಗೆರೆಯನ್ನು ನೋಡುತ್ತ ಕೂತಿದ್ದರು. ನಾನು ನೀರು ಎತ್ತಿ ಚೆಲ್ಲುತ್ತಿದ್ದೆ.

"ಎರಡು ಕೈ ಇದ್ದಿದ್ರೆ ಬಿಡಿಸ್ಕೊಂಡ್ ಬರ್ತಿದ್ದೆ," ಎಂದರು. ಬಲಗೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, "ಮುಗೀತು ಬುಡು. ಇನ್ ನನ್ ಕೈಲಿ ಆಗಕಿಲ್ಲ."

ನನ್ನ ತಪ್ಪು ಎಂಥದ್ದು ಎಂದು ಆ ಕ್ಷಣಕ್ಕೆ ಗೊತ್ತಾಯಿತು. ಆ ಮೋಟುಗಳಿಂದ ನಾಲ್ಕು ಕೈ ಇದ್ದವರೂ ಬಲೆ ಬಿಡಿಸಲಾರರು. ಇವರು ಸೋತದ್ದು ಕೈಯಿಂದಲ್ಲ. ಅದನ್ನು ಬಲ್ಲವಳು ನಾನೊಬ್ಬಳು, ಆದರೂ ಬಾಯಿ ಮುಚ್ಚಿಕೊಂಡು ಹುಟ್ಟು ಹಾಕಿಕೊಂಡು ಬಂದೆ. ಅಂದೇ ಹೇಳಬೇಕಿತ್ತು. ಹೇಳಿದರೆ ಗೊತ್ತಿದ್ದೂ ಬಲೆ ಬಿಟ್ಟದ್ದು ಹೊರಗೆ ಬೀಳುತ್ತದಲ್ಲ ಎಂದು ಹೆದರಿದೆ.

ಮತ್ತೆ ಮಂಚ, ಮತ್ತೆ ಗೋಡೆ. ಮೂರು ದಿನ ಹಾಗೇ ಹೋಯಿತು. ನಾನು ಒಬ್ಬಳೇ ತೆಪ್ಪ ತೆಗೆದುಕೊಂಡು ರಸ್ತೆಯ ಪಕ್ಕದಲ್ಲಿ ಚೂರು ಬಲೆ ಬಿಟ್ಟು ಸಾರಿಗಾಗುವಷ್ಟು ಹಿಡಿದು ತಂದೆ. ಸಾರು ಮಾಡಿ ಮುಂದಿಟ್ಟರೆ ಮುಳ್ಳು ತೆಗೆಯಲು ಆಗುವುದಿಲ್ಲ, ಬೇಡ ಎಂದರು. ಹಿಂದಿನ ವಾರ ಇದೇ ಮನುಷ್ಯ ಎಡಗೈಯಲ್ಲೇ ಮುಳ್ಳು ತೆಗೆದು ತಿಂದಿದ್ದರು. ನಾನು ಯಾವುದನ್ನು ಉಳಿಸಲು ಸುಮ್ಮನಿದ್ದೆನೋ ಅದನ್ನೇ ಮುಳುಗಿಸಿದ್ದೆ.

ನಾಲ್ಕನೇ ದಿನ ಮಧ್ಯಾಹ್ನ ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿಬಿಟ್ಟೆ.

"ಬಲೆ ನಿಮ್ ಕೈಯಿಂದ ಹೋಗಿಲ್ಲ. ಅದು ಹಳ್ಳ ಅಲ್ಲ, ಮೋಟಿನ ಜಾಗ. ಗಳದ ತುದೀಲಿ ತೊಗಟೆ ಬಂದಿತ್ತು. ನಂಗೆ ಆವತ್ತು ಸಾಯಂಕಾಲನೇ ಗೊತ್ತಿತ್ತು."

ಇವರು ತಿರುಗಿ ಎದ್ದು ಕೂತರು. ಮುಖ ಕೆಂಪಾಯಿತು.

"ಗೊತ್ತಿದ್ದೂ ಸುಮ್ನಿದ್ಯಾ?"

ನಿಮ್ಮ ಮನಸ್ಸಿಗೆ ನೋವಾದೀತು ಎಂದು ಹೇಳಲಿಲ್ಲ ಎಂದೆ.

"ಕೈ ಹೋದ್ರೆ ಹೋಯ್ತು ಕಣೆ. ಒಂದ್ ಮಾತು ತಡ್ಕೊಳ್ಳೋ ಶಕ್ತೀನೂ ಹೋಗೈತೆ ಅಂದ್ಕೊಂಡ್ಯಾ? ನೀರ್ ಮೇಲೆ ನೀನು ನಂಗೆ ಯಾವತ್ತಾದ್ರೂ ಕರುಣೆ ತೋರ್ಸಿದ್ದೀಯಾ? ಈಗ್ಯಾಕೆ ಶುರು ಮಾಡ್ದೆ?"

ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ. ಇವರು ಸಮಾಧಾನ ಹೇಳಲಿಲ್ಲ, ಹೇಳುವ ಸ್ವಭಾವವೂ ಅಲ್ಲ. ಕೋಲು ತೆಗೆದುಕೊಂಡು ಹಿತ್ತಲಿಗೆ ಹೋಗಿ ಸಂಜೆಯವರೆಗೂ ಕಲ್ಲಿನ ಮೇಲೆ ಕೂತಿದ್ದರು.

ಮರುದಿನ ಬೆಳಗಾಗುವ ಹೊತ್ತಿಗೆ ಮಂಚ ಖಾಲಿ. ಹೊರಗೆ ಓಡಿ ಬಂದರೆ, ಹಳೇ ರಸ್ತೆಯಲ್ಲಿ ಕೋಲೂರಿಕೊಂಡು, ಕಾಲೆಳೆದುಕೊಂಡು ನೀರಿನ ಕಡೆಗೆ ಇಳಿಯುತ್ತಿದ್ದರು. ಕೂಗಲಿಲ್ಲ. ಹಿಂದೆ ಹಿಂದೆ ನಡೆದೆ. ನಾನು ಹೋಗಿ ತಲುಪುವಷ್ಟರಲ್ಲಿ ತೆಪ್ಪದಲ್ಲಿ ಬಲೆಯವರು ಕೂರುವ ಹಿಂದಿನ ಜಾಗದಲ್ಲಿ ಕೂತು, ಕ್ಯಾನಿನ ಹಗ್ಗವನ್ನು ಹಲ್ಲಿನಲ್ಲಿ ಹಿಡಿದು ಒಂದೇ ಕೈಯಲ್ಲಿ ಗಂಟು ಹಾಕುತ್ತಿದ್ದರು.

ಬಲೆ ಕಳೆದುಕೊಂಡಿದ್ದ ಜಾಗಕ್ಕೇ ಹೋದೆವು. ಬೆಳಕು ಚೆನ್ನಾಗಿತ್ತು. ಇವರು ಬಹಳ ಹೊತ್ತು ಗುಡ್ಡ ನೋಡಿದರು. ಇನ್ನೊಂದು ಸ್ವಲ್ಪ ಮುಂದೆ ಎಂದರು, ಹಿಂದೆ ಎಂದರು. ಆಮೇಲೆ ಮೆಲ್ಲಗೆ ನಕ್ಕರು.

"ಅದು ಗೋಣಿಮರ ಅಲ್ವೇ ಅಲ್ಲ. ಹಲಸಿನ ಮರ," ಎಂದರು. "ಗೋಣಿಮರ ದಿಣ್ಣೆ ಹಿಂದೆ ಅಡಗ್ಬುಟ್ಟೈತೆ. ನೀರಿನ್ ಜೊತೆ ನಾವೂ ಕೆಳಗಿಳಿದಿದೀವಿ ಕಣೆ, ಅದು ನಂಗೆ ಹೊಳೀಲೇ ಇಲ್ಲ."

ತುಂಬಿದ ನೀರಿನ ಮೇಲಿಂದ ಕಾಣುವ ಮರ ಬರಿದಾದ ನೀರಿನ ಮೇಲಿಂದ ಕಾಣುವುದಿಲ್ಲ. ದಡದ ದಿಣ್ಣೆಯೇ ನಮ್ಮ ತಲೆಯ ಮೇಲೆ ಎದ್ದು ನಿಂತಿತ್ತು. ಅದರ ಅಂಚಿನಲ್ಲಿ ಯಾವುದೋ ಹಲಸಿನ ತಲೆ ಮಬ್ಬು ಬೆಳಕಿನಲ್ಲಿ ಟವರಿನ ಗೆರೆಗೆ ಬಂದಿತ್ತು. ದಿನಾ ನೀರಿನ ಮೇಲಿದ್ದ ಮಿಕ್ಕ ತೆಪ್ಪದವರು ನೀರು ಇಳಿದ ಹಾಗೆ ಗುರುತು ಬದಲಾಯಿಸಿಕೊಂಡಿದ್ದರು. ಇವರು ಆ ತಿಂಗಳುಗಳನ್ನೆಲ್ಲ ಗೋಡೆ ನೋಡಿಕೊಂಡು ಕಳೆದಿದ್ದರು. ಅಷ್ಟೇ ಆದದ್ದು.

ಆಮೇಲೆ, ನಿನಗೆ ಹೇಗೆ ಗೊತ್ತಾಯಿತು, ತೋರಿಸು ಎಂದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ನಾನು ಗಳ ಊರಿ ಎತ್ತಿ, ತುದಿಯ ಕೆಸರನ್ನು ತೆಗೆದು ಇವರ ಎಡ ಅಂಗೈಗೆ ಹಾಕಿ, ನನ್ನ ಹೆಬ್ಬೆರಳಿನಿಂದ ಉಜ್ಜಿದೆ. ಕಣ್ಣು ಮುಚ್ಚಿ ನೋಡಿ, ನಾರು ನಾರಾಗಿ ಸಿಗುತ್ತದೆ ಎಂದೆ. ಸಿಕ್ಕಿತು. ಎಡಕ್ಕೆ ಐವತ್ತು ಮಾರು ಹೋಗಿ ಇನ್ನೊಮ್ಮೆ ಊರಿದೆ, ಚಿಪ್ಪು ಬಂತು. ಮತ್ತೂ ಎಡಕ್ಕೆ ಹೋದ ಹಾಗೆ ಗಳ ಆಳಕ್ಕೆ ಇಳಿಯಿತು, ತುದಿಗೆ ಕೆಸರೇ ಅಂಟಲಿಲ್ಲ, ಎರಡು ಕಾಳು ಮರಳು. ಇವರು ಆ ಎರಡು ಕಾಳನ್ನು ಬೆರಳ ನಡುವೆ ತಿರುಗಿಸುತ್ತ, ಹಳ್ಳ, ಎಂದರು. ನನ್ನ ಮುಖವನ್ನು ಹೊಸದಾಗಿ ನೋಡುವ ಹಾಗೆ ನೋಡಿದರು. ನನಗೆ ಈ ವಯಸ್ಸಿನಲ್ಲಿ ನಾಚಿಕೆಯಾಯಿತು.

ಅಂದು ಸಂಜೆ ಇದ್ದ ಹಳೇ ಬಲೆಗಳ ಚೂರುಗಳನ್ನೇ ಸೇರಿಸಿ ಹೊಲಿದು ಹಳ್ಳದ ಉದ್ದಕ್ಕೆ ಬಿಟ್ಟೆವು. ಹತ್ತು ಮಾರಿಗೊಮ್ಮೆ ನಾನು ಗಳ ಊರುವುದು, ತುದಿಯನ್ನು ಹಿಂದಕ್ಕೆ ಚಾಚುವುದು, ಇವರು ಮುಟ್ಟಿ ನೋಡಿ ಮರಳು ಎನ್ನುವುದು. ತೊಗಟೆ ಎಂದರೆ ತೆಪ್ಪ ತಿರುಗಿಸುವುದು. ಬಿಟ್ಟು ಮುಗಿಯಲು ಎರಡರಷ್ಟು ಹೊತ್ತು ಹಿಡಿಯಿತು. ಪಕ್ಕದ ತೆಪ್ಪದವನು ಗಂಡ ಹೆಂಡತಿ ಕೆಸರಿನಲ್ಲಿ ಏನು ಹುಡುಕುತ್ತಿದ್ದೀರಿ ಎಂದು ಚೇಷ್ಟೆ ಮಾಡಿದ. ನನ್ನ ಮೂಗುತಿ ಬಿದ್ದಿದೆ, ಬಾ ಇಳಿದು ಹುಡುಕಿಕೊಡು ಎಂದೆ.

ಬೆಳಿಗ್ಗೆ ಬಲೆ ಎಲ್ಲೂ ಸಿಕ್ಕಿಕೊಳ್ಳದೆ ಬಂತು. ಬಲೆ ಎತ್ತುವಾಗ ಹುಟ್ಟಿಗೆ ಹೆಚ್ಚು ಕೆಲಸವಿಲ್ಲ, ಎತ್ತುವವರೇ ಬಲೆಯನ್ನು ಹಿಡಿದು ತೆಪ್ಪವನ್ನು ಮುಂದೆ ಎಳೆದುಕೊಂಡು ಹೋಗುತ್ತಾರೆ. ನಾನು ಗಾಳಿಗೆ ಸರಿಯದ ಹಾಗೆ ನೋಡಿಕೊಂಡರೆ ಸಾಕು. ಇವರ ಒಂದು ಕೈ, ಒಂದು ಮೊಣಕೈ ನಮ್ಮಿಬ್ಬರನ್ನೂ ಹಳ್ಳದ ಉದ್ದಕ್ಕೆ ಎಳೆದುಕೊಂಡು ಹೋದವು. ನಾಲ್ಕು ಕಾಟ್ಲಾ, ಎರಡು ಗೆಂಡೆ. ಕೊನೆಯ ಕಾಟ್ಲಾ ಇವರ ತೊಡೆಯುದ್ದ ಇತ್ತು. ಅಂಚಿನವರೆಗೆ ಬಂದು ಒದೆಯಿತು, ಇವರ ಮೊಣಕೈ ಜಾರಿತು. ನಾನು ಹುಟ್ಟು ಬಿಟ್ಟು ಎದ್ದೆ. ಕೂತ್ಕೋ, ನಿನ್ನ ಕೆಲಸ ನೋಡು ಎಂದು ಗದರಿದರು. ಕೂತೆ. ಇವರು ಬಲೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎಡಗೈಯನ್ನು ಕಿವಿರಿನೊಳಗೆ ಹಾಕಿ ಮೀನನ್ನು ಒಳಗೆ ಎಳೆದು ಅದರ ಮೇಲೆ ಮೊಣಕಾಲೂರಿದರು. ಬಾಯಲ್ಲೆಲ್ಲ ಪಾಚಿ. ಉಗುಳಿ ಉಗುಳಿ ನಕ್ಕರು. ಆ ನಗುವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಆಮೇಲೆ ಮೂರು ವಾರ ದಿನಾ ಹೋದೆವು. ಎಲ್ಲ ದಿನವೂ ಮೀನು ಬಿತ್ತೆಂದಲ್ಲ. ಎರಡು ದಿನ ಗಾಳಿಗೆ ತೆಪ್ಪ ನನ್ನ ಮಾತು ಕೇಳದೆ ಎದುರು ದಡಕ್ಕೆ ಹೋಗಿ ಹತ್ತಿತು, ಅಲ್ಲಿಯೇ ಬಿಸಿಲಲ್ಲಿ ಕೂತು ಗಾಳಿ ಇಳಿಯುವವರೆಗೆ ಜಗಳವಾಡಿದೆವು. ಇವರ ಬಲಗೈ ಬೆರಳುಗಳು ಇವತ್ತಿಗೂ ಮಡಚುವುದಿಲ್ಲ. ಮೊಣಕೈ ಮಾತ್ರ ಗಟ್ಟಿಯಾಗಿದೆ.

ಮೇ ಕೊನೆಗೆ ಬಿಸಿಲೆ ಘಾಟಿನ ಕಡೆ ಮಳೆ ಹಿಡಿಯಿತೆಂದು ಬಸ್ಸಿನವರು ಹೇಳಿದರು. ನಾಲ್ಕು ದಿನಕ್ಕೆ ನೀರು ಕೆಂಪಾಗಿ ಏರತೊಡಗಿತು, ಹಳೇ ರಸ್ತೆ ಮೊಳ ಮೊಳ ಒಳಗೆ ಹೋಯಿತು. ಮಳೆಗಾಲದ ಎರಡು ತಿಂಗಳು ನಮ್ಮಲ್ಲಿ ಯಾರೂ ಬಲೆ ಹಾಕುವುದಿಲ್ಲ. ಕೊನೆಯ ದಿನ ನಮ್ಮ ಮೀನುಗಾರರ ಸಂಘದ ಕಾರ್ಯದರ್ಶಿ ಬೈಕಿನಲ್ಲಿ ದಡಕ್ಕೆ ಬಂದರು. ಮುಂದಿನ ಹಂಗಾಮಿಗೆ ಯಾವ ತೆಪ್ಪದಲ್ಲಿ ಯಾರು ಯಾರು ಎಂದು ಬರೆದುಕೊಳ್ಳುವುದು ಅವರ ಕೆಲಸ. ಪ್ರತಿ ತೆಪ್ಪಕ್ಕೂ ಒಂದು ಹಾಳೆ. ಅದರಲ್ಲಿ ತೆಪ್ಪ ನಡೆಸುವವರ ಹೆಸರು ಮೇಲೆ, ಸಹಾಯಕರ ಹೆಸರು ಕೆಳಗೆ. ಅವರಿಗೂ ಸಂಕೋಚ. ಇವರ ಮುಖ ನೋಡದೆ ನನ್ನನ್ನು, ಈ ಸಲ ಹೇಗಮ್ಮ, ಮೈದುನನ ಹೆಸರು ಬರೆಯಲೇ ಎಂದು ಮೆಲ್ಲಗೆ ಕೇಳಿದರು. ಇದು ನಾನು ಹೇಳುವ ಮಾತಲ್ಲ. ಬುಟ್ಟಿಗೆ ಮೀನು ಹಾಕುತ್ತ ಕಾದೆ.

"ಅವನ್ಯಾಕೆ? ನಮ್ ತೆಪ್ಪಕ್ಕೆ ಜನ ಐತಲ್ಲ," ಎಂದರು ಇವರು. "ನಡ್ಸೋದು ಇವಳು. ಮೇಲೆ ಇವಳ ಹೆಸ್ರು ಹಾಕಿ. ಸಹಾಯಕ ಅಂತ ಕೆಳಗೆ ನಂದು ಬರೀರಿ."

ಕಾರ್ಯದರ್ಶಿ ಬರೆದುಕೊಂಡರು, ಸಹಿಗೆ ಹಾಳೆಯನ್ನು ಬೈಕಿನ ಸೀಟಿನ ಮೇಲೆ ಇಟ್ಟರು. ನನ್ನ ಕೈಯೆಲ್ಲ ಮೀನಿನ ಲೋಳೆ, ಸೀರೆಗೆ ಒರೆಸಿಕೊಂಡೆ. ಮಳೆಯ ಮುಂಚಿನ ಗಾಳಿ ಎದ್ದು ಹಾಳೆ ಹಾರತೊಡಗಿತು. ಇವರು ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ಆ ಹಾಳೆಯ ಮೇಲೆ ಇಟ್ಟರು. ಹಾಳೆ ಅಲ್ಲಾಡದೆ ನಿಂತಿತು. ನಾನು ಸಹಿ ಹಾಕಿದೆ.